ತಜ್ಞರ ಮುಂದೆ ಐಡಿಯಾ ಇಡಬೇಡಿ, ಐದನೇ ಸ್ಕ್ರೀನ್ ಇಡಿ

ಪ್ರಶ್ನೆ: ಸಾಫ್ಟ್‌ವೇರ್ ಕೆಲಸ ಬಿಟ್ಟು ಎಂಟು ತಿಂಗಳಾಯ್ತು. ಒಬ್ಬ ಗೆಳೆಯನ ಜೊತೆ ಸೇರಿ ಫಿಟ್‌ನೆಸ್ ಆ್ಯಪ್ ಕಟ್ಟುತ್ತಿದ್ದೇನೆ. ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಮನೆಯಲ್ಲೇ ದಿನಕ್ಕೆ 20 ನಿಮಿಷದ ವ್ಯಾಯಾಮ. ವಯಸ್ಸು, ತೂಕ, ಗುರಿ, ನೋವು ಇದ್ದರೆ ಅದನ್ನೂ ಕೇಳಿ, ಐದನೇ ಸ್ಕ್ರೀನಿನಲ್ಲಿ ಆ್ಯಪ್ಪೇ ಪ್ಲ್ಯಾನ್ ಹಾಕಿಕೊಡುತ್ತದೆ. ‘ಬೆನ್ನುನೋವಿಗೆ ಗುಡ್‌ಬೈ’ ಅನ್ನೋದು ನಮ್ಮ ಸ್ಲೋಗನ್. ತಜ್ಞರ ಅಭಿಪ್ರಾಯ ಕೇಳಿ ಸುಮಾರು ನಲವತ್ತು ಜನರಿಗೆ ಬರೆದೆ. ಮೂವರು ಉತ್ತರ ಕೊಟ್ಟರು. ಒಬ್ಬರು ‘ಸೂಪರ್ ಐಡಿಯಾ, ಮುಂದುವರಿಸಿ’ ಅಂದರು. ಇನ್ನೊಬ್ಬರು ‘ಈ ಮಾರ್ಕೆಟ್ ತುಂಬಿ ತುಳುಕುತ್ತಿದೆ, ಬೇರೆ ಏನಾದ್ರೂ ನೋಡಿ’ ಅಂದರು. ಮೂರನೆಯವರು ಹೆಸರು ಮಾಡಿದ ಟ್ರೇನರ್. ‘ಟ್ರೇನರ್ ಇಲ್ಲದ ಆ್ಯಪ್ ನಡೆಯಲ್ಲ, 5% ಪಾಲು ಕೊಟ್ಟರೆ ಸಲಹೆಗಾರನಾಗಿ ಬರ್ತೀನಿ’ ಅಂದರು. ಯಾರ ಮಾತು ನಂಬಲಿ? ಐಡಿಯಾ ಕದಿಯದಂತೆ ಮೊದಲೇ ಸಹಿ ಹಾಕಿಸಿಕೊಳ್ಳಬೇಕಾ? ಕಳಿಸಿದ ಮೇಲ್ ಜೊತೆಗಿಟ್ಟಿದ್ದೇನೆ.

ಉತ್ತರ: ಮೂವರೂ ಸುಳ್ಳು ಹೇಳಿಲ್ಲ. ಆದರೆ ಮೂವರೂ ನಿಮ್ಮ ಆ್ಯಪ್ ಬಗ್ಗೆ ಏನೂ ಹೇಳಿಲ್ಲ, ಗಮನಿಸಿದ್ರಾ? ಮೊದಲನೆಯವರಿಗೆ ನಿಮ್ಮ ಮನಸ್ಸು ನೋಯಿಸೋದು ಬೇಡ. ಎರಡನೆಯವರು ಹೇಳಿದ್ದು ನಿಮಗೂ ಗೊತ್ತಿದ್ದ ಸಂಗತಿ. ಮೂರನೆಯವರು ತಮ್ಮ ಕಸುಬಿನ ಪರ ಮಾತಾಡಿದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಕಸುಬು ಗೊತ್ತಿರುವವರು ಹಾಗೇ ಮಾತಾಡೋದು. ಆದರೆ ಆ್ಯಪ್ ತೆರೆದು ಒಂದು ದಿನದ ವ್ಯಾಯಾಮ ಮಾಡಿ ನೋಡಿದವರು ಈ ಮೂವರಲ್ಲಿ ಯಾರೂ ಇದ್ದಂತಿಲ್ಲ.

ನಿಮ್ಮ ಮೇಲ್ ಓದಿದೆ. ನಾಲ್ಕು ಪ್ಯಾರಾ ಪರಿಚಯ, 22 ಪುಟದ ಪ್ರೆಸೆಂಟೇಶನ್, ಕೊನೆಗೆ ‘ದಯವಿಟ್ಟು ತಮ್ಮ ಅಮೂಲ್ಯ ಅಭಿಪ್ರಾಯ ತಿಳಿಸಿ’. ಇಂಥ ಮೇಲ್ ನನಗೂ ಬರುತ್ತೆ. ನಿಜ ಹೇಳ್ತೀನಿ, ಹತ್ತರಲ್ಲಿ ಎಂಟಕ್ಕೆ ಉತ್ತರ ಬರೆಯಲ್ಲ. ಅಹಂಕಾರ ಅಲ್ಲ, ಎಲ್ಲಿಂದ ಶುರು ಮಾಡಬೇಕು ಅನ್ನೋದೇ ತಿಳಿಯಲ್ಲ. ಮನೆ ಕಟ್ಟುವವರು ಮೇಸ್ತ್ರಿಗೆ ಜಾಗ ತೋರಿಸಿ ‘ಹೇಗನ್ನಿಸುತ್ತೆ?’ ಅಂತ ಕೇಳಿದರೆ ಅವನೂ ‘ಚೆನ್ನಾಗಿದೆ ಸ್ವಾಮಿ’ ಅಂತಾನೆ. ಈ ಕಂಬ ಇಲ್ಲಿ ಬಂದರೆ ಮೇಲಿನ ಭಾರ ತಡೆಯುತ್ತಾ ಅಂತ ಕೇಳಿ ನೋಡಿ, ಟೇಪು ತೆಗೀತಾನೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ನಾನು ವ್ಯಾಯಾಮ ವಿಜ್ಞಾನ ಓದಿದವನು. ಮೊದಲ ಸಲ ಒಂದು ಸಣ್ಣ ತಂಡದ ಜೊತೆ ಸೇರಿ ಆ್ಯಪ್ ಮಾಡುವಾಗ, ನನಗೇ ಎಲ್ಲಾ ಗೊತ್ತಿದೆ ಅಂದುಕೊಂಡಿದ್ದೆ. ನಮ್ಮಲ್ಲೂ ಒಂದು ಪ್ರಶ್ನೆ ಇತ್ತು: ‘ಮೊಣಕಾಲು ನೋವು ಇದೆಯೇ?’ ಕೆಳಗೆ ಎರಡು ಬಟನ್, ಹೌದು ಮತ್ತು ಇಲ್ಲ. ಹೌದು ಅಂದವರಿಗೆ ಸ್ಕ್ವಾಟ್, ಲಂಜ್ ಥರದ ಮೊಣಕಾಲು ಮಡಚಿ ಏಳುವ ವ್ಯಾಯಾಮ ಎಲ್ಲಾ ಮಾಯ. ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕರೆದು, ಫೋನ್ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತೆ. ಇಡೀ ಆ್ಯಪ್ ನೋಡಿ ಹೊಗಳ್ತಾರೆ ಅನ್ನೋ ಆಸೆ. ಅವರು ಆ ಪ್ರಶ್ನೆಯ ಹತ್ತಿರ ನಿಂತವರು ಮುಂದೆ ಹೋಗಲೇ ಇಲ್ಲ.

‘ಹೌದು ಅಂದ್ರೆ ಯಾವ ಹೌದು?’ ಅಂತ ಕೇಳಿದರು.

ಒಂದು ಹಾಳೆ ತಗೊಂಡು ಬರೆಯೋಕೆ ಶುರು ಮಾಡಿದರು. ನೋವು ಎಷ್ಟು ದಿನದಿಂದ? ಬಿದ್ದು, ತಿರುಚಿಕೊಂಡು ಬಂದದ್ದಾ? ಊದಿಕೊಂಡಿದೆಯಾ? ಮಡಚಿದ ಕಾಲು ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾ? ಆ ಕಾಲಿನ ಮೇಲೆ ಭಾರ ಹಾಕಿ ನಿಲ್ಲೋಕಾಗುತ್ತಾ? ಮೆಟ್ಟಿಲು ಹತ್ತುವಾಗ ಜಾಸ್ತಿಯಾ, ಇಳಿಯುವಾಗ ಜಾಸ್ತಿಯಾ? ನಿನ್ನೆ ತಿರುಚಿ ಊದಿಕೊಂಡ ಮೊಣಕಾಲಿಗೆ ನಮ್ಮ ಆ್ಯಪ್ ಯಾವ ವ್ಯಾಯಾಮವನ್ನೂ ಕೊಡಬಾರದಿತ್ತು, ಡಾಕ್ಟರ್ ಹತ್ತಿರ ಹೋಗಿ ಅನ್ನಬೇಕಿತ್ತು. ಅದೇ, ಎರಡು ವರ್ಷದಿಂದ ಸವೆತದ ನೋವು ಇರುವವರಿಗೆ ನಾವು ಕಿತ್ತುಹಾಕಿದ್ದ ತೊಡೆ ಬಲಪಡಿಸುವ ವ್ಯಾಯಾಮವೇ ಮದ್ದು. ಅವರಿಗೆ ಪೂರ್ತಿ ಸ್ಕ್ವಾಟ್ ಬೇಡ, ಕುರ್ಚಿಯಿಂದ ಎದ್ದು ಕೂರೋದರಿಂದ ಶುರು ಮಾಡಿಸಿ ಅಂದರು. ಅಂದರೆ ನಮ್ಮ ಒಂದು ಬಟನ್ ಎರಡೂ ಕಡೆ ತಪ್ಪು ಮಾಡುತ್ತಿತ್ತು. ಕೊಡಬಾರದವರಿಗೆ ಕೊಡುತ್ತಿತ್ತು, ಕೊಡಬೇಕಾದವರಿಂದ ಕಿತ್ತುಕೊಳ್ಳುತ್ತಿತ್ತು. ನಲವತ್ತು ನಿಮಿಷ ಒಂದೇ ಸ್ಕ್ರೀನ್. ಐಡಿಯಾ ಹೇಗಿದೆ ಅಂತ ಅವರು ಒಂದು ಮಾತೂ ಆಡಲಿಲ್ಲ. ನಾನೂ ಆಮೇಲೆ ಯಾರನ್ನೂ ಹಾಗೆ ಕೇಳಿಲ್ಲ.

ನೀವೂ ಒಂದೇ ಸ್ಕ್ರೀನ್ ತೋರಿಸಿ. ಪ್ಲ್ಯಾನ್ ಬರುವ ಆ ಐದನೇ ಸ್ಕ್ರೀನ್. ನಿಮ್ಮ ಆ್ಯಪ್ ನಿರ್ಧಾರ ತಗೊಳ್ಳೋದು ಅಲ್ಲೇ, ತಪ್ಪಾಗೋದಿದ್ದರೆ ಅಲ್ಲೇ ಆಗೋದು.

ತೋರಿಸೋಕೆ ಮುಂಚೆ ಮೂರು ಜನರನ್ನು ಕಲ್ಪಿಸಿಕೊಂಡು ಆ್ಯಪ್ ಒಳಗೆ ತುಂಬಿ. ಒಬ್ಬರು 34 ವರ್ಷದ ಹೆಂಗಸು, ಹೆರಿಗೆಯಾಗಿ ನಾಲ್ಕು ತಿಂಗಳು, ಗುರಿ ‘ಹೊಟ್ಟೆ ಕರಗಿಸೋದು’. ಇನ್ನೊಬ್ಬರು 58 ವರ್ಷದ ಗಂಡಸು, ಬಿಪಿ ಮಾತ್ರೆ ತಗೊಳ್ತಾರೆ, ಹತ್ತು ವರ್ಷದಿಂದ ಮೈ ಬಗ್ಗಿಸಿಲ್ಲ. ಮೂರನೆಯವನು 26ರ ಹುಡುಗ, ಆರೋಗ್ಯ ಚೆನ್ನಾಗಿದೆ, ಆದರೆ ಹುಮ್ಮಸ್ಸು ಜಾಸ್ತಿ. ಮೊದಲ ದಿನವೇ ಮೂರು ದಿನದ್ದು ಮಾಡಿ ಮುಗಿಸ್ತಾನೆ. ಈ ಮೂವರಿಗೂ ನಿಮ್ಮ ಆ್ಯಪ್ ಏನು ಪ್ಲ್ಯಾನ್ ಕೊಡುತ್ತೆ ಅನ್ನೋದನ್ನು ಪ್ರಿಂಟ್ ತೆಗೆದು ತಜ್ಞರ ಮುಂದಿಡಿ. ಕೆಂಪು ಪೆನ್ ಕೊಡಿ. ‘ನಿಮ್ಮ ಹತ್ತಿರ ಬಂದವರಾಗಿದ್ದರೆ ಇದರಲ್ಲಿ ಯಾವುದನ್ನು ಹೊಡೆದುಹಾಕ್ತಿದ್ರಿ?’ ಇಷ್ಟೇ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕೂರಿ. ಇದು ಕಷ್ಟ. ‘ಅಲ್ಲ ಸಾರ್, ಅದು ಯಾಕೆ ಹಾಗಿದೆ ಅಂದ್ರೆ’ ಅಂತ ನಾಲಿಗೆ ತುದಿಗೆ ಬರುತ್ತೆ. ನೀವು ಸಮರ್ಥನೆ ಶುರು ಮಾಡಿದ ಕೂಡಲೇ ಅವರು ಮರ್ಯಾದೆಗೆ ತಲೆಯಾಡಿಸೋಕೆ ಶುರು ಮಾಡ್ತಾರೆ.

ಪೆನ್ ಎಲ್ಲೆಲ್ಲಿ ನಿಲ್ಲುತ್ತೆ ಅನ್ನೋದನ್ನು ಸ್ವಲ್ಪ ಊಹಿಸಬಲ್ಲೆ. ಆ ತಾಯಿಗೆ ಹೊಟ್ಟೆಯ ಸ್ನಾಯು ನಡುವೆ ಬಿಟ್ಟುಕೊಂಡಿರಬಹುದು, ಕೆಮ್ಮಿದರೆ ಮೂತ್ರ ಸೋರುತ್ತಿರಬಹುದು. ಅದನ್ನು ಕೇಳದೆ ಕ್ರಂಚ್, ಜಂಪಿಂಗ್ ಜ್ಯಾಕ್ ಕೊಟ್ಟರೆ ಫಿಸಿಯೋ ಸುಮ್ಮನಿರಲ್ಲ. ನಿಮ್ಮ ಫಾರ್ಮಿನಲ್ಲಿ ಹೆರಿಗೆಯ ಪ್ರಶ್ನೆ ಇಲ್ಲದಿದ್ದರೆ ಅದೇ ಮೊದಲ ಕೆಂಪು ಗೆರೆ. 58ರವರು ಪ್ಲ್ಯಾಂಕ್‌ನಲ್ಲಿ, ಅಂದರೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈ ನೇರ ಹಿಡಿದಾಗ, ಉಸಿರು ಬಿಗಿಹಿಡಿದರೆ ಬಿಪಿ ಏರುತ್ತೆ. ನೆಲದಿಂದ ಥಟ್ಟನೆ ಎದ್ದರೆ ಮಾತ್ರೆಯ ಕಾರಣಕ್ಕೆ ತಲೆ ಸುತ್ತಬಹುದು. ಹುಡುಗನ ಬಗ್ಗೆ ಆಮೇಲೆ ಬರ್ತೀನಿ.

ಈಗ ಯಾರನ್ನು ಕೇಳಬೇಕು ಅನ್ನೋದು. ‘ಫಿಟ್‌ನೆಸ್ ತಜ್ಞ’ ಅನ್ನೋ ಒಬ್ಬ ವ್ಯಕ್ತಿ ಇಲ್ಲ. ಡಾಕ್ಟರಿಗೆ ಗೊತ್ತಿರೋದು ಬೇರೆ, ಟ್ರೇನರಿಗೆ ಗೊತ್ತಿರೋದು ಬೇರೆ.

ಡಾಕ್ಟರ್ ಯಾಕೆ ಬೇಕು ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. ನಿಮ್ಮ ಪ್ರೆಸೆಂಟೇಶನ್ನಿನ 14ನೇ ಪುಟದಲ್ಲಿ ಹೃದಯ ಬಡಿತದ ಗುರಿ ಇದೆ: 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ. ಈ ಸೂತ್ರ ಎರಡು ನಿಮಿಷದಲ್ಲಿ ಯಾರಿಗಾದರೂ ಸಿಗುತ್ತೆ. ಅದು ಸರಾಸರಿ ಲೆಕ್ಕ ಅಷ್ಟೇ. ಒಂದೇ ವಯಸ್ಸಿನ ಇಬ್ಬರ ನಿಜವಾದ ಗರಿಷ್ಠ ಬಡಿತ ಅದಕ್ಕಿಂತ ಹತ್ತು ಹನ್ನೆರಡು ಮೇಲೋ ಕೆಳಗೋ ಇರೋದು ಮಾಮೂಲು. 2001ರಲ್ಲಿ ಪ್ರಕಟವಾದ ಇನ್ನೊಂದು ಸೂತ್ರದ ಪ್ರಕಾರ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಬೇಕು. 40 ವರ್ಷಕ್ಕೆ ಎರಡೂ 180 ಅನ್ನುತ್ತವೆ. 60ಕ್ಕೆ ಒಂದು 160, ಇನ್ನೊಂದು 166. ಇಲ್ಲಿವರೆಗೆ ಸರಿ, ಸಣ್ಣ ಜಗಳ. ಈಗ ಆ 58ರವರ ಬಿಪಿ ಮಾತ್ರೆ ಬೀಟಾ ಬ್ಲಾಕರ್ ಅಂದುಕೊಳ್ಳಿ. ಆ ಮಾತ್ರೆ ಹೃದಯ ಬಡಿತವನ್ನೇ ಹಿಡಿದಿಡುತ್ತೆ. ಅವರು ಏದುಸಿರು ಬಿಡುತ್ತಿರುತ್ತಾರೆ, ವಾಚಿನಲ್ಲಿ 105 ತೋರಿಸುತ್ತಿರುತ್ತೆ, ನಿಮ್ಮ ಆ್ಯಪ್ ‘ಇನ್ನೂ ಜೋರಾಗಿ!’ ಅಂತ ಹುರಿದುಂಬಿಸುತ್ತಿರುತ್ತೆ. ಎಷ್ಟೇ ಒಳ್ಳೆಯ ಪ್ರೋಗ್ರಾಮರ್ ಇದ್ದರೂ ಇದು ಕೋಡ್ ಓದಿ ಗೊತ್ತಾಗುವ ದೋಷ ಅಲ್ಲ. ಡಾಕ್ಟರ್ ಹತ್ತು ಸೆಕೆಂಡಿನಲ್ಲಿ ಹೇಳ್ತಾರೆ, ಬಹುಶಃ ಇನ್ನೊಂದು ಮಾತನ್ನೂ ಹೇಳ್ತಾರೆ: ಬಡಿತ ಬಿಡಿ, ವ್ಯಾಯಾಮ ಮಾಡ್ತಾ ಮಾತಾಡೋಕಾಗುತ್ತಾ ಅಂತ ಕೇಳಿ. ಮಾತಾಡಬಹುದು, ಹಾಡೋಕಾಗಲ್ಲ ಅಂದರೆ ಅದು ಮಧ್ಯಮ ಮಟ್ಟ. ನಾಲ್ಕು ಪದಕ್ಕೊಮ್ಮೆ ಉಸಿರು ಬೇಕು ಅಂದರೆ ಅದು ಜೋರು.

ಆರೋಗ್ಯದ ಪ್ರಶ್ನೆಗಳನ್ನು ನೀವೇ ಹೊಸದಾಗಿ ಹುಟ್ಟುಹಾಕಬೇಕಿಲ್ಲ. ಕೆನಡಾದಲ್ಲಿ ಶುರುವಾದ ‘ಪಾರ್-ಕ್ಯೂ’ ಅನ್ನೋ ಪ್ರಶ್ನಾವಳಿ ಇದೆ. ಅದರ ಈಗಿನ ರೂಪದ ಮೊದಲ ಪುಟದಲ್ಲಿ 7 ಪ್ರಶ್ನೆ: ಹೃದಯದ ಕಾಯಿಲೆ ಅಥವಾ ಬಿಪಿ, ಎದೆನೋವು, ತಲೆಸುತ್ತು, ಮಾತ್ರೆ, ಮೂಳೆ ಕೀಲಿನ ತೊಂದರೆ, ಈ ಥರದ್ದು. ಅದರಿಂದ ಶುರು ಮಾಡಿ. ‘ಹೌದು’ ಅಂದವರನ್ನು ಏನು ಮಾಡ್ತೀರಿ ಅನ್ನೋದನ್ನು ಡಾಕ್ಟರ್ ಜೊತೆ ಕೂತು ಬರೀರಿ. ಜಾಸ್ತಿ ಆ್ಯಪ್‌ಗಳು ಇಲ್ಲೇ ಸೋಮಾರಿತನ ಮಾಡೋದು. ‘ವೈದ್ಯರನ್ನು ಸಂಪರ್ಕಿಸಿ’ ಅಂತ ಒಂದು ಸಾಲು ತೋರಿಸಿ, ಕೆಳಗೆ ‘ಮುಂದುವರಿಯಿರಿ’ ಬಟನ್ ಇಟ್ಟಿರ್ತಾರೆ.

ಟ್ರೇನರ್ ವಿಷಯಕ್ಕೆ ಬರೋಣ. ಹೆಸರು ಮಾಡಿದವರಿಗಿಂತ, ದಿನಾ ಹತ್ತು ಹೊಸಬರನ್ನು ನಿಲ್ಲಿಸಿ ವ್ಯಾಯಾಮ ಮಾಡಿಸುವವರು ನಿಮಗೆ ಬೇಕು. ಅವರ ಜ್ಞಾನ ಕಣ್ಣಲ್ಲಿರುತ್ತೆ. ಎದುರಿನವರ ಮುಖ ನೋಡಿ ‘ಇವತ್ತು ಇಷ್ಟು ಸಾಕು’ ಅಂತಾರೆ; ಯಾಕೆ ಅಂತ ಕೇಳಿದರೆ ಅವರಿಗೇ ಹೇಳೋಕೆ ಬರಲ್ಲ. ಹಾಗಾಗಿ ಪ್ರಶ್ನಾವಳಿ ಕಳಿಸಬೇಡಿ, ಒಂದು ಬೆಳಗ್ಗೆ ಹೋಗಿ ಮೂಲೆಯಲ್ಲಿ ನಿಂತು ನೋಡಿ. ಆಮೇಲೆ ಒಂದೇ ಪ್ರಶ್ನೆ: ‘ಮೊದಲ ವಾರದಲ್ಲೇ ಬಿಟ್ಟು ಹೋಗ್ತಾರಲ್ಲ, ಯಾಕೆ?’

ಆ 26ರ ಹುಡುಗನ ಉತ್ತರ ಅಲ್ಲಿ ಸಿಗುತ್ತೆ. ಅಭ್ಯಾಸವಿಲ್ಲದ ವ್ಯಾಯಾಮದ ಮೈಕೈ ನೋವು ಅದೇ ದಿನ ಪೂರ್ತಿ ಗೊತ್ತಾಗಲ್ಲ. ಜೋರಾಗೋದು ಸಾಮಾನ್ಯವಾಗಿ 24ರಿಂದ 72 ಗಂಟೆಯ ಒಳಗೆ. ನಿಮ್ಮ ಪ್ಲ್ಯಾನ್‌ನಲ್ಲಿ ಮೊದಲ ದಿನ 60 ಸ್ಕ್ವಾಟ್ ಇದೆ. ಸೋಮವಾರ ಖುಷಿಯಲ್ಲಿ ಮಾಡ್ತಾನೆ. ಬುಧವಾರ ಮೆಟ್ಟಿಲಿಳಿಯೋಕೆ ಗೋಡೆ ಹಿಡ್ಕೊಳ್ತಾನೆ. ಗುರುವಾರ ಆ್ಯಪ್ ನೋಟಿಫಿಕೇಶನ್ ಬಂದರೆ ಬೈದುಕೊಂಡು ಆಫ್ ಮಾಡ್ತಾನೆ. ನಿಮ್ಮ ಲೆಕ್ಕದಲ್ಲಿ ಇದು ‘ಬಳಕೆದಾರ ಆಸಕ್ತಿ ಕಳೆದುಕೊಂಡ’ ಅಂತ ದಾಖಲಾಗುತ್ತೆ. ಅಪರೂಪಕ್ಕೆ, ತೀರಾ ಅತಿ ಮಾಡಿದವರಲ್ಲಿ ಸ್ನಾಯು ಒಡೆದು ಮೂತ್ರ ಕಡುಕಂದು ಬಣ್ಣಕ್ಕೆ ತಿರುಗುತ್ತೆ, ಕಿಡ್ನಿಗೆ ಅಪಾಯ. ಅದು ಆಸ್ಪತ್ರೆಗೆ ಓಡಬೇಕಾದ ಲಕ್ಷಣ. ಹಳೆಯ ಟ್ರೇನರ್ ಮೊದಲ ದಿನ ಹುಡುಗನಿಗೆ ಬೇಕಾದ್ದಕ್ಕಿಂತ ಕಮ್ಮಿಯೇ ಕೊಟ್ಟು ಕಳಿಸೋದು ಸುಮ್ನೆ ಅಲ್ಲ.

ಅಂದಹಾಗೆ ನಿಮ್ಮ ‘21 ದಿನದಲ್ಲಿ ಅಭ್ಯಾಸ’ ಅನ್ನೋ ಚಾಲೆಂಜ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಹನ್ನೆರಡು ವಾರ ಗಮನಿಸಿದ ಅಧ್ಯಯನ ಒಂದಿದೆ. ಅದರಲ್ಲಿ ಹೊಸ ಕೆಲಸ ತಾನಾಗೇ ಆಗುವಂತಾಗಲು ನಡುಮಟ್ಟದಲ್ಲಿ 66 ದಿನ ಬೇಕಾಯ್ತು. ಲೆಕ್ಕದ ಪ್ರಕಾರ ಕೆಲವರಿಗೆ 18, ಕೆಲವರಿಗೆ 254. 22ನೇ ದಿನ ‘ಅಭಿನಂದನೆ, ನಿಮಗೆ ಅಭ್ಯಾಸವಾಗಿದೆ’ ಅಂದರೆ ಬಳಕೆದಾರ ನಂಬಲ್ಲ, ಯಾಕಂದ್ರೆ ಅವತ್ತೂ ಅವನಿಗೆ ಏಳೋಕೆ ಬೇಜಾರಾಗಿರುತ್ತೆ. ಕ್ಯಾಲೊರಿ ಲೆಕ್ಕವೂ ಅಷ್ಟೇ. ಸ್ಟ್ಯಾನ್‌ಫರ್ಡ್‌ನವರು 2017ರಲ್ಲಿ ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಏಳರಲ್ಲಿ ಆರು ಹೃದಯ ಬಡಿತವನ್ನು ಚೆನ್ನಾಗೇ ಅಳೆದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದು ಕೂಡ ಸರಾಸರಿ 27% ತಪ್ಪಿತ್ತು. ‘ನೀವು 213 ಕ್ಯಾಲೊರಿ ಸುಟ್ಟಿರಿ’ ಅಂತ ಕೊನೆಯ ಅಂಕಿವರೆಗೆ ತೋರಿಸಬೇಡಿ.

ನಿಮ್ಮ 20 ನಿಮಿಷ ಮಾತ್ರ ನನಗೆ ಇಷ್ಟವಾಯ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ದೊಡ್ಡವರಿಗೆ ವಾರಕ್ಕೆ ಮಧ್ಯಮ ಮಟ್ಟದಲ್ಲಿ 150ರಿಂದ 300 ನಿಮಿಷ, ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ನಿಮ್ಮದು ವಾರಕ್ಕೆ 140. ಹತ್ತಿರ ಇದ್ದೀರಿ. ಆದರೆ ಆ 20ರಲ್ಲಿ ವಾರ್ಮ್‌ಅಪ್ಪಿಗೆ, ವಿಡಿಯೊ ನೋಡೋಕೆ, ಮಧ್ಯದ ವಿಶ್ರಾಂತಿಗೆ ಎಷ್ಟು ಹೋಗುತ್ತೆ? ಸ್ಟಾಪ್‌ವಾಚ್ ಹಿಡಿದು ನೋಡಿ. ಇಂಥ ಲೆಕ್ಕವನ್ನು ನೀವೇ ಮಾಡಿಕೊಂಡು ಹೋದರೆ ತಜ್ಞರು ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತೆ.

ಮೇಲ್ ಹೀಗಿರಲಿ:

‘ನಮಸ್ಕಾರ. ದಿನವಿಡೀ ಕೂತು ಕೆಲಸ ಮಾಡುವವರಿಗೆ ಮನೆ ವ್ಯಾಯಾಮದ ಆ್ಯಪ್ ಮಾಡುತ್ತಿದ್ದೇವೆ. ಮೊಣಕಾಲು ನೋವಿದೆ ಅಂದವರಿಗೆ ಸದ್ಯ ಸ್ಕ್ವಾಟ್ ತೆಗೆದುಹಾಕುತ್ತಿದ್ದೇವೆ. ಇದು ಸರಿಯಾ ಅಂತ ನಮಗೇ ಅನುಮಾನ. ಜೊತೆಗಿರುವ ಒಂದು ಸ್ಕ್ರೀನ್ ನೋಡಿ, ನೀವಾಗಿದ್ದರೆ ಅವರನ್ನು ಇನ್ನೇನು ಕೇಳುತ್ತಿದ್ದಿರಿ ಅಂತ ಹೇಳಬಹುದಾ? 20 ನಿಮಿಷ ಸಾಕು, ಫೋನಿನಲ್ಲಾದರೂ ಸರಿ. ನಿಮ್ಮ ಮಾಮೂಲಿ ಫೀಸ್ ಕೊಡುತ್ತೇವೆ. ಕೇಳದೆ ನಿಮ್ಮ ಹೆಸರನ್ನು ಎಲ್ಲೂ ಬಳಸುವುದಿಲ್ಲ.’

ಇಷ್ಟೇ. ಫೀಸ್ ಸಾಲು ಬಿಡಬೇಡಿ. ಪುಕ್ಕಟೆ ಕೇಳಿದರೆ ಪುಕ್ಕಟೆ ಮಾತೇ ಸಿಗೋದು. ಹೆಸರಿನ ಸಾಲು ಅದಕ್ಕಿಂತ ಮುಖ್ಯ. ಒಮ್ಮೆ ಮಾತಾಡಿದ ಡಾಕ್ಟರ ಫೋಟೊ ಹಾಕಿ ‘ತಜ್ಞರು ಒಪ್ಪಿದ ಆ್ಯಪ್’ ಅಂದವರನ್ನು ಅವರೆಲ್ಲಾ ನೋಡಿದ್ದಾರೆ, ಆ ಭಯಕ್ಕೇ ಉತ್ತರ ಬರೆಯಲ್ಲ.

ಇಬ್ಬರು ತಜ್ಞರು ಒಬ್ಬರಿಗೊಬ್ಬರು ಉಲ್ಟಾ ಹೇಳಿದರೆ? ಹೇಳೇ ಹೇಳ್ತಾರೆ. ‘ನೀವು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳ್ತಿದ್ದೀರಿ?’ ಅಂತ ಕೇಳಿ. ಮುಕ್ಕಾಲು ಪಾಲು ಜಗಳ ಅಲ್ಲೇ ಮುಗಿಯುತ್ತೆ. ಒಬ್ಬರ ಕಣ್ಣೆದುರು 60ರ ಅಜ್ಜಿ ಇರ್ತಾರೆ, ಇನ್ನೊಬ್ಬರ ಕಣ್ಣೆದುರು ಕಾಲೇಜು ಹುಡುಗ. ಉಳಿದದ್ದರಲ್ಲಿ ನಾನು ಪಾಲಿಸೋದು ಹೀಗೆ: ‘ಇದರಿಂದ ಏಟಾಗುತ್ತೆ’ ಅಂತ ಒಬ್ಬರು ಹೇಳಿದರೂ ಅವತ್ತೇ ಅದನ್ನು ನಿಲ್ಲಿಸ್ತೀನಿ, ಆಮೇಲೆ ಎರಡನೆಯವರನ್ನು ಕೇಳ್ತೀನಿ. ‘ಜನ ಇದನ್ನು ಇಷ್ಟಪಡಲ್ಲ’ ಅಂದರೆ ಎಷ್ಟೇ ದೊಡ್ಡ ತಜ್ಞರಾದರೂ ಬರೆದಿಟ್ಟುಕೊಳ್ತೀನಿ ಅಷ್ಟೇ. ಅದಕ್ಕೆ ಉತ್ತರ ಕೊಡಬೇಕಾದವರು ಬಳಸುವ ಜನ. ಮಾರ್ಕೆಟ್ ತುಂಬಿದೆ ಅಂದ ನಿಮ್ಮ ಎರಡನೆಯವರ ಮಾತು ಈ ಜಾತಿಯದ್ದು. ಮೂವತ್ತು ಜನ ಆರು ವಾರ ಬಳಸಲಿ. ಅಷ್ಟರಲ್ಲಿ ಎಷ್ಟು ಜನ ಉಳಿದರು ಅನ್ನೋದು ನಿಮ್ಮ ಕಣ್ಣೆದುರೇ ಇರುತ್ತೆ.

‘ಸೂಪರ್’ ಅಂದವರನ್ನೂ ಬಿಡಬೇಡಿ. ‘ಈ ವಾರ ನಿಮ್ಮ ಪರಿಚಯದ ಇಬ್ಬರಿಗೆ ಇದನ್ನು ಕೊಡ್ತೀರಾ?’ ಅಂತ ಕೇಳಿ. ಕೊಟ್ಟರೆ ಹೊಗಳಿಕೆ ನಿಜ. ತಡವರಿಸಿದರೆ ಇನ್ನೂ ಒಳ್ಳೆಯದು, ಯಾಕೆ ತಡವರಿಸಿದರು ಅಂತ ಕೇಳಬಹುದು.

5% ಪಾಲು ಬೇಡ. ಸಲಹೆಗಾರರಿಗೆ ಪಾಲು ಕೊಡುವ ರೂಢಿ ಇದೆ. ಆದರೆ ಅದು ಸಾಮಾನ್ಯವಾಗಿ ಕಾಲು ಪರ್ಸೆಂಟಿನಿಂದ ಒಂದು ಪರ್ಸೆಂಟಿನೊಳಗೆ, ಅದೂ ಒಂದೆರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಅವರದ್ದಾಗುವಂತೆ. ಮೊದಲ ಮೂರು ತಿಂಗಳು ಫೀಸ್ ಕೊಟ್ಟು ಕೆಲಸ ಮಾಡಿ ನೋಡಿ. ಪಾಲು ಒಮ್ಮೆ ಕೊಟ್ಟ ಮೇಲೆ ವಾಪಸ್ ಕೇಳೋದು ಮದುವೆ ಮುರಿದಷ್ಟೇ ಕಷ್ಟ.

ಸಹಿಯ ವಿಷಯ: ಬೇಡ. ಮನೆಯಲ್ಲಿ 20 ನಿಮಿಷ ವ್ಯಾಯಾಮ ಅನ್ನೋ ಐಡಿಯಾವನ್ನು ಯಾರೂ ಕದಿಯಬೇಕಿಲ್ಲ, ಎಲ್ಲರ ಹತ್ತಿರವೂ ಇದೆ. ನೋಡುವ ಮುಂಚೆಯೇ ಸಹಿ ಕೇಳಿದರೆ ಒಳ್ಳೆಯ ಡಾಕ್ಟರ್ ಫೋನ್ ಇಡ್ತಾರೆ. ಬಳಕೆದಾರರ ಮಾಹಿತಿ ತೋರಿಸುವಾಗ ಮಾತ್ರ ಕಟ್ಟುನಿಟ್ಟಾಗಿರಿ. ಹೆಸರು, ಫೋಟೊ, ಲೊಕೇಶನ್ ಯಾವುದೂ ತಜ್ಞರ ಕೈಗೂ ಹೋಗಬಾರದು. 2017ರ ಕೊನೆಯಲ್ಲಿ, ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್ ತನ್ನ ಬಳಕೆದಾರರ ಓಟದ ಜಾಡುಗಳನ್ನು ಹೆಸರಿಲ್ಲದೆ ಒಂದೇ ನಕ್ಷೆಯಲ್ಲಿ ಪ್ರಕಟಿಸಿತು. 2018ರ ಜನವರಿಯಲ್ಲಿ ಆ ನಕ್ಷೆಯಲ್ಲಿ ಸೇನಾ ನೆಲೆಗಳು ಹೊಳೆಯುತ್ತಿರೋದನ್ನು ಜನ ಪತ್ತೆ ಹಚ್ಚಿದರು. ಹೆಸರು ತೆಗೆದರೆ ಸಾಕು ಅಂದುಕೊಂಡರೆ ಹೀಗಾಗುತ್ತೆ.

ಇನ್ನೊಂದು. ತಜ್ಞರು ಹೇಳಿದ್ದರಲ್ಲಿ ಏನು ಬದಲಾಯಿಸಿದಿರಿ ಅನ್ನೋದನ್ನು ಹದಿನೈದು ದಿನದೊಳಗೆ ಅವರಿಗೆ ಬರೆದು ತಿಳಿಸಿ, ಹೊಸ ಸ್ಕ್ರೀನ್ ಚಿತ್ರದ ಸಮೇತ. ಬದಲಾಯಿಸದೇ ಬಿಟ್ಟದ್ದನ್ನೂ, ಯಾಕೆ ಬಿಟ್ಟಿರಿ ಅನ್ನೋದನ್ನೂ. ನನಗೆ ಹೀಗೆ ವಾಪಸ್ ಬರೆದವರು ಬೆರಳೆಣಿಕೆಯಷ್ಟು. ಅವರ ಫೋನ್ ರಾತ್ರಿ ಹತ್ತಕ್ಕೆ ಬಂದರೂ ಎತ್ತುತ್ತೀನಿ.

ಈ ವಾರ ಒಬ್ಬ ಫಿಸಿಯೋಗೆ ಬರೀರಿ, ಒಬ್ಬರಿಗೇ. ಬರೆಯೋಕೆ ಮುಂಚೆ ‘ಬೆನ್ನುನೋವಿಗೆ ಗುಡ್‌ಬೈ’ ಸಾಲು ತೆಗೆದುಹಾಕಿ. ಕಾಯಿಲೆ ವಾಸಿ ಮಾಡ್ತೀವಿ ಅನ್ನುವ ಆ್ಯಪ್ಪನ್ನು ಎಷ್ಟೋ ದೇಶಗಳ ಕಾನೂನು ವೈದ್ಯಕೀಯ ಸಾಧನದ ಸಾಲಿಗೆ ಸೇರಿಸುತ್ತೆ, ಆಮೇಲಿನ ಕಥೆಯೇ ಬೇರೆ. ಅದು ಹಾಗಿರಲಿ, ಫಿಸಿಯೋ ಕಣ್ಣಿಗೆ ಮೊದಲು ಬೀಳೋದೇ ಆ ಸಾಲು. ಅದನ್ನು ಓದಿದ ಮೇಲೆ ಅವರು ಐದನೇ ಸ್ಕ್ರೀನ್‌ವರೆಗೆ ಬರಲಿಕ್ಕಿಲ್ಲ.